ಒಕ್ಕಣೆ, ವಾರ್ತೆ ಮತ್ತು ನೆನಪು: ದಿನಬಳಕೆಯ ದಾಖಲೆಗಳ ಡಿಜಿಟಲ್ ಸಂರಕ್ಷಣೆಯಲ್ಲಿ ಗ್ರಂಥಸಂಪಾದನೆಯ ಪಾತ್ರ

1. ಪ್ರವೇಶ

ಕನ್ನಡದ ಸಂಶೋಧನ ಪರಂಪರೆಯಲ್ಲಿ ಆಕರವೆಂಬ ಮಾತಿಗೆ ಬಹುಕಾಲ ಶಾಸನ, ತಾಳೆಗರಿ, ಕೋರಿಕಾಗದದ ಹಸ್ತಪ್ರತಿ, ಬಖೈರು, ಕೈಫಿಯತ್ತುಗಳೇ ಅರ್ಥವಾಗಿದ್ದವು. ಬಿ.ಎಲ್. ರೈಸ್ 1886ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಮೊದಲ ಸಂಪುಟವನ್ನು ಹೊರತಂದಂದಿನಿಂದ ಈ ಆಕರಗಳನ್ನು ಹುಡುಕಿ, ಓದಿ, ಪರಿಷ್ಕರಿಸಿ ಪ್ರಕಟಿಸುವ ಕಾರ್ಯ ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಇವೆಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಉಳಿಯಲೆಂದೇ ಬರೆಯಲ್ಪಟ್ಟವು. ದಾನಶಾಸನದ ಕೊನೆಯ ಶಾಪಾಶಯ, ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರನು ಮಾಡುವ ಬಿನ್ನಹ, ಎರಡೂ ಮುಂದಿನ ಕಾಲದ ಓದುಗನನ್ನು ಕಣ್ಣಮುಂದೆ ಇರಿಸಿಕೊಂಡಿವೆ.

ಇದಕ್ಕೆ ಭಿನ್ನವಾಗಿ ಉಳಿಯಬೇಕೆಂಬ ಉದ್ದೇಶವೇ ಇಲ್ಲದೆ ಹುಟ್ಟಿದ ಬರಹಗಳ ದೊಡ್ಡ ರಾಶಿಯೊಂದಿದೆ. ಮಗ ತಂದೆಗೆ ಬರೆದ ಕಾರ್ಡು, ಆ ಸಂಜೆಯ ವಾರ್ತೆಗಾಗಿ ಬೆರಳಚ್ಚು ಮಾಡಿದ ಹಾಳೆ, ಸೈನ್ಯದಿಂದ ಮರಳಿದವನು ಮನೆಯವರೊಡನೆ ಹಂಚಿಕೊಂಡ ಮಾತು ಈ ವರ್ಗಕ್ಕೆ ಸೇರುತ್ತವೆ. ಇವುಗಳ ಆಯುಷ್ಯ ಒಂದು ದಿನದ್ದು, ಹೆಚ್ಚೆಂದರೆ ಒಂದು ತಲೆಮಾರಿನದು. ಆದರೆ ಆಡುನುಡಿಯ ಚರಿತ್ರೆಗಾಗಲಿ, ಸಾಮಾನ್ಯರ ಬದುಕಿನ ಚರಿತ್ರೆಗಾಗಲಿ ಇವುಗಳಷ್ಟು ಹತ್ತಿರದ ಸಾಕ್ಷ್ಯ ಬೇರೆ ಇಲ್ಲ. ಕಳೆದ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಇಂತಹ ದಾಖಲೆಗಳನ್ನು ಡಿಜಿಟಲ್ ಪತ್ರಾಗಾರಗಳಲ್ಲಿ ಕೂಡಿಡುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಅವುಗಳಲ್ಲಿ ಕೆಲವನ್ನು ಪರಿಶೀಲಿಸಿ, ಈ ಕಾರ್ಯ ಕೇವಲ ಯಂತ್ರದಿಂದ ನೆರಳಚ್ಚು ತೆಗೆಯುವ ಕೆಲಸವಲ್ಲ, ಮೂಲತಃ ಅದು ಸಂಪಾದನ ಕಾರ್ಯ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪತ್ರ, ವಾರ್ತಾಬರಹ, ನೆನಪು ಈ ಮೂರೂ ಡಿಜಿಟಲ್ ರೂಪಕ್ಕೆ ಬರುವಾಗ ಬೇರೆ ಬೇರೆ ಅಂಶಗಳನ್ನು ಕಳೆದುಕೊಳ್ಳುತ್ತವೆ. ಯಾವುದು ಕಳೆಯುತ್ತದೆ ಎಂಬುದನ್ನು ಮೊದಲೇ ಅರಿತವನು ಮಾತ್ರ ಅದನ್ನು ಉಳಿಸಬಲ್ಲನು.

2. ಟೆಕ್ಸಾಸಿನ ಒಂದು ಮಾದರಿ

ಈ ಮೂರೂ ಬಗೆಯ ದಾಖಲೆಗಳು ಒಂದೇ ಕಡೆ ಸೇರಿರುವ ಉದಾಹರಣೆ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿದೆ. ಡೆಂಟನ್ ನಗರದ ಯೂನಿವರ್ಸಿಟಿ ಆಫ್ ನಾರ್ತ್ ಟೆಕ್ಸಾಸಿನ ಗ್ರಂಥಾಲಯವು 2004ರಲ್ಲಿ 'ದ ಪೋರ್ಟಲ್ ಟು ಟೆಕ್ಸಾಸ್ ಹಿಸ್ಟರಿ' ಎಂಬ ಡಿಜಿಟಲ್ ಸಂಗ್ರಹವನ್ನು ಸಾರ್ವಜನಿಕರಿಗೆ ತೆರೆಯಿತು. ವಿಶ್ವವಿದ್ಯಾಲಯದ ಸ್ವಂತ ಸಂಗ್ರಹಕ್ಕಷ್ಟೇ ಇದು ಸೀಮಿತವಾಗಲಿಲ್ಲ. ಸಣ್ಣ ಊರುಗಳ ವಾಚನಾಲಯ, ವಸ್ತುಸಂಗ್ರಹಾಲಯ, ಇತಿಹಾಸ ಸಂಘ ಹಾಗೂ ಮನೆತನಗಳ ಬಳಿ ಇರುವ ದಾಖಲೆಗಳೂ ಇದರಲ್ಲಿ ಸೇರಿದವು. ಮೂಲಪ್ರತಿಯ ಒಡೆತನ ಆಯಾ ಸಂಸ್ಥೆಯಲ್ಲಿಯೇ ಉಳಿಯುತ್ತದೆ. ಪ್ರತಿ ತೆಗೆಯುವುದು, ವಿವರಿಸುವುದು, ಕಾಪಾಡುವುದು ಮಾತ್ರ ವಿಶ್ವವಿದ್ಯಾಲಯದ ಹೊಣೆ. ಮೂಲವನ್ನು ಕಿತ್ತು ರಾಜಧಾನಿಗೆ ತರುವ ಹಳೆಯ ಪದ್ಧತಿಗೆ ಹೋಲಿಸಿದರೆ ಇದು ಮಹತ್ವದ ಬದಲಾವಣೆ. ಮನೆತನದ ಪತ್ರಗಳನ್ನು ಬಿಟ್ಟುಕೊಡಲು ಹಿಂಜರಿಯುವವರೂ ಈ ಏರ್ಪಾಟಿನಲ್ಲಿ ಪಾಲ್ಗೊಳ್ಳಬಲ್ಲರು.

ಈ ಸಂಗ್ರಹದಲ್ಲಿ 19ನೆಯ ಶತಮಾನದ ಬೇಸಾಯಗಾರ ಕುಟುಂಬಗಳ ಪತ್ರಗಳಿವೆ, ಫೋರ್ಟ್ ವರ್ತ್ ನಗರದ ದೂರದರ್ಶನ ಕೇಂದ್ರವೊಂದರ ವಾರ್ತಾಬರಹಗಳಿವೆ, ಫ್ರೆಡರಿಕ್ಸ್‌ಬರ್ಗಿನ ಪೆಸಿಫಿಕ್ ಯುದ್ಧ ವಸ್ತುಸಂಗ್ರಹಾಲಯವು ನಡೆಸಿದ ಮಾಜಿ ಯೋಧರ ಸಂದರ್ಶನಗಳಿವೆ. ಫ್ರೆಡರಿಕ್ಸ್‌ಬರ್ಗ್ ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ನೌಕಾಪಡೆಯ ನಾಯಕನಾಗಿದ್ದ ಚೆಸ್ಟರ್ ನಿಮಿಟ್ಸನ ಹುಟ್ಟೂರು. ಆದರೆ ಅಲ್ಲಿಯ ಮೌಖಿಕ ಸಂಗ್ರಹದಲ್ಲಿ ಸೇನಾನಾಯಕರಿಗಿಂತ ಸಾಮಾನ್ಯ ಸೈನಿಕರ, ನಾವಿಕರ ಮಾತುಗಳೇ ಅಧಿಕ.

ಸಂಗ್ರಹದ ಪ್ರತಿಯೊಂದು ಘಟಕಕ್ಕೂ ಒಂದು ಶಾಶ್ವತ ಗುರುತುಸಂಖ್ಯೆಯನ್ನು ನೀಡಲಾಗಿದೆ. ಕಂಪ್ಯೂಟರ್ ವ್ಯವಸ್ಥೆ ಬದಲಾದರೂ ಆ ಗುರುತು ಬದಲಾಗುವುದಿಲ್ಲ. ಸಂಶೋಧಕನು ಹತ್ತು ವರ್ಷಗಳ ಹಿಂದೆ ಕೊಟ್ಟ ಉಲ್ಲೇಖ ಇಂದಿಗೂ ಅದೇ ಪತ್ರಕ್ಕೆ ಕೊಂಡೊಯ್ಯಬೇಕು ಎಂಬುದು ಇದರ ಹಿಂದಿನ ತತ್ತ್ವ. ಹಸ್ತಪ್ರತಿ ಭಂಡಾರದ ಕ್ರಮಾಂಕ ಬದಲಾದಾಗ ಹಳೆಯ ಸಂಪಾದಿತ ಕೃತಿಗಳ ಪೀಠಿಕೆಯಲ್ಲಿ ಹೇಳಿದ ಪ್ರತಿ ಯಾವುದೆಂದು ತಿಳಿಯದೆ ತೊಡಕಿಗೆ ಸಿಲುಕಿದವರಿಗೆ ಇದರ ಬೆಲೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

3. ಪತ್ರ: ಒಕ್ಕಣೆ, ಕೈಬರಹ ಮತ್ತು ಕ್ರಮ

ಪತ್ರವೊಂದನ್ನು ಯಂತ್ರದ ಗಾಜಿನ ಮೇಲಿಟ್ಟು ಚಿತ್ರ ತೆಗೆದರೆ ಅಕ್ಷರಗಳು ಉಳಿಯುತ್ತವೆ, ಆದರೆ ಪತ್ರವು ಅಕ್ಷರಗಳ ಮೊತ್ತ ಮಾತ್ರವಲ್ಲ. ಕನ್ನಡ ನಾಡಿನ ಸಾಮಾನ್ಯ ಮನೆಗಳ ಪತ್ರಗಳನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿವರಿಸಬಹುದು.

ಮೊದಲನೆಯದಾಗಿ ಕ್ರಮ. ಬಂದ ಕಾಗದಗಳನ್ನು ಗೋಡೆಗೆ ತೂಗುಹಾಕಿದ ಕೊಕ್ಕೆಯ ತಂತಿಗೆ ಚುಚ್ಚಿಡುವುದು ಬಹುತೇಕ ಮನೆಗಳಲ್ಲಿ, ಅಂಗಡಿಗಳಲ್ಲಿ ರೂಢಿಯಲ್ಲಿತ್ತು. ಈ ತಂತಿಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ಮೊದಲು ಬಂದ ಪತ್ರ, ಮೇಲಿರುವುದು ಕೊನೆಯದು. ದಿನಾಂಕವಿಲ್ಲದ ಕಾಗದವೊಂದರ ಕಾಲವನ್ನು ಅದರ ಮೇಲಿನ ಮತ್ತು ಕೆಳಗಿನ ಕಾಗದಗಳಿಂದ ನಿರ್ಣಯಿಸಬಹುದು. ತುಕ್ಕು ಹಿಡಿದ ತಂತಿಯಿಂದ ಪತ್ರಗಳನ್ನು ಬಿಡಿಸಿ, ವಿಷಯವಾರು ವಿಂಗಡಿಸಿ, ಆಮೇಲೆ ಚಿತ್ರ ತೆಗೆಯಲು ಹೊರಟರೆ ಈ ಸಾಕ್ಷ್ಯ ಶಾಶ್ವತವಾಗಿ ನಾಶವಾಗುತ್ತದೆ. ಮೂಲಕ್ರಮವನ್ನು ಕೆಡಿಸಬಾರದೆಂಬುದು ಪತ್ರಾಗಾರಶಾಸ್ತ್ರದ ಮೊದಲ ನಿಯಮಗಳಲ್ಲೊಂದು. ತಂತಿಯಲ್ಲಿರುವಾಗಲೇ ಪ್ರತಿ ಪತ್ರಕ್ಕೂ ಕ್ರಮಸಂಖ್ಯೆ ನೀಡಿ ಅನಂತರ ಬಿಡಿಸುವುದು ಇದಕ್ಕೆ ಸರಳವಾದ ಉಪಾಯ.

ಎರಡನೆಯದು ಕಾಲನಿರ್ಣಯ. ಗ್ರಂಥಸಂಪಾದನೆಯಲ್ಲಿ ಆಂತರಿಕ ಪ್ರಮಾಣಗಳೆಂದು ಕರೆಯುವ ಸಾಧನಗಳು ಇಲ್ಲಿಯೂ ಸಲ್ಲುತ್ತವೆ. ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಬೆಲೆಯನ್ನು 'ನಯಾ ಪೈಸೆ'ಯಲ್ಲಿ ಹೇಳುವ ಪತ್ರ ಅದಕ್ಕಿಂತ ಹಿಂದಿನದಾಗಲಾರದು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ ಅದು 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂಬ ವಿಳಾಸ 1973ರ ನವೆಂಬರ್ 1ರ ನಾಮಕರಣಕ್ಕೆ ಹಿಂದಿನದಾಗಿರುವ ಸಂಭವ ಹೆಚ್ಚು, ಆದರೆ ಹಳೆಯ ರೂಢಿ ಕೆಲಕಾಲ ಮುಂದುವರಿಯುವುದರಿಂದ ಇದನ್ನು ಖಚಿತ ಪ್ರಮಾಣವೆನ್ನಲಾಗದು. ಇಂತಹ ನಿರ್ಣಯಗಳಲ್ಲಿ 'ಸುಮಾರು', 'ಇದರ ನಂತರ', 'ಇವೆರಡರ ನಡುವೆ' ಎಂಬ ಮಟ್ಟಗಳಿವೆ. ಡಿಜಿಟಲ್ ಸೂಚಿಗಳು ಒಂದೇ ದಿನಾಂಕವನ್ನು ಬೇಡುವುದರಿಂದ ಸೂಚಿಕಾರರು ಊಹೆಯನ್ನೇ ಖಚಿತ ವರ್ಷವಾಗಿ ತುಂಬಿಬಿಡುವ ಅಪಾಯವಿದೆ. ಟೆಕ್ಸಾಸಿನ ಸಂಗ್ರಹವು ಅನಿಶ್ಚಿತ ದಿನಾಂಕವನ್ನು ಅನಿಶ್ಚಿತವೆಂದೇ ಯಂತ್ರಕ್ಕೆ ತಿಳಿಸುವ ಸಂಕೇತಪದ್ಧತಿಯನ್ನು ಅಳವಡಿಸಿಕೊಂಡಿತು. ಈ ಪದ್ಧತಿ 2019ರಲ್ಲಿ ದಿನಾಂಕ ಬರವಣಿಗೆಯ ಅಂತರರಾಷ್ಟ್ರೀಯ ಮಾನಕದ ಭಾಗವಾಯಿತು.

ಮೂರನೆಯದು ಒಕ್ಕಣೆ ಮತ್ತು ಕೈಬರಹಗಳ ಸಂಬಂಧ. 'ತೀರ್ಥರೂಪು', 'ಮಾತೃಶ್ರೀ', 'ಚಿ.', 'ಸೌ.', ಉತ್ತರ ಕರ್ನಾಟಕದ ಪತ್ರಗಳಲ್ಲಿನ 'ಗಂ.ಭಾ.' ಮೊದಲಾದ ಸಂಬೋಧನೆಗಳು, 'ಉಭಯ ಕುಶಲೋಪರಿ' ಎಂಬ ಪೀಠಿಕೆ, ಕೊನೆಯ 'ತಾ.ಕ.' ಇವೆಲ್ಲ ಬರೆಯುವವರಿಗೆ ಸಿದ್ಧವಾಗಿ ದೊರೆತ ಚೌಕಟ್ಟು. ಅಕ್ಷರ ಬಾರದ ತಾಯಿ ಹೇಳಿದ ಮಾತನ್ನು ಶಾಲೆಗೆ ಹೋಗುವ ಹುಡುಗನೋ ಅಂಚೆಯವನೋ ಬರೆದುಕೊಟ್ಟಾಗ ಚೌಕಟ್ಟು ಬರೆದವನದು, ಒಳಗಿನ ಮಾತು ಹೇಳಿದವಳದು. ಒಂದೇ ಪತ್ರದಲ್ಲಿ ಗ್ರಾಂಥಿಕ ಕನ್ನಡವೂ ಒಳನಾಡಿನ ಆಡುಮಾತೂ ಬೆರೆತಿರುವುದಕ್ಕೆ ಬಹಳ ವೇಳೆ ಇದೇ ಕಾರಣ. ಸೂಚಿಯಲ್ಲಿ 'ಲೇಖಕ' ಎಂಬ ಒಂದೇ ಕಲಮಿದ್ದರೆ ಹುಡುಗನ ಹೆಸರು ಉಳಿದು ತಾಯಿಯ ಹೆಸರು ಅಳಿಯುತ್ತದೆ. ಹೇಳಿದವರು ಮತ್ತು ಬರೆದವರು ಎಂಬ ಎರಡು ಕಲಮುಗಳು ಅಗತ್ಯ. ಕವಿಯನ್ನೂ ಲಿಪಿಕಾರನನ್ನೂ ಬೇರ್ಪಡಿಸಿ ನೋಡುವ ಅಭ್ಯಾಸವುಳ್ಳ ಕನ್ನಡ ವಿದ್ವಾಂಸನಿಗೆ ಇದು ಹೊಸದಲ್ಲ.

ನಾಲ್ಕನೆಯದು ಪತ್ರದ ಭೌತಿಕ ರೂಪ. ಶುಭಪತ್ರದ ಮೂಲೆಗಳಲ್ಲಿ ಹಚ್ಚಿದ ಅರಿಸಿನ ಕಪ್ಪುಬಿಳುಪಿನ ಚಿತ್ರದಲ್ಲಿ ಬರಿಯ ಕಲೆಯಾಗಿ ಕಾಣುತ್ತದೆ. ಇದಕ್ಕೆ ಪ್ರತಿಯಾಗಿ ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಕೂಡಲೇ ಹರಿದುಹಾಕುವ ಪದ್ಧತಿ ಹಲವೆಡೆ ಇತ್ತು. ಆದುದರಿಂದ ಮನೆತನವೊಂದರ ಪತ್ರಸಂಗ್ರಹದಲ್ಲಿ ಮದುವೆ, ಹೆರಿಗೆ, ಮಳೆಬೆಳೆ, ಸಾಲಸೋಲಗಳ ವಿವರ ಯಥೇಚ್ಛವಾಗಿ ದೊರೆತು ಸಾವಿನ ಪತ್ರಗಳು ದೊರೆಯದಿದ್ದರೆ ಆ ಮನೆಯಲ್ಲಿ ಸಾವು ಸಂಭವಿಸಲಿಲ್ಲವೆಂದು ತಿಳಿಯಬಾರದು. ಸಂಗ್ರಹದ ಮೌನಕ್ಕೂ ಕಾರಣವಿರುತ್ತದೆ, ಆ ಕಾರಣವನ್ನು ಸಂಗ್ರಹದ ವಿವರಣೆಯಲ್ಲಿ ದಾಖಲಿಸುವುದು ಸಂಪಾದಕನ ಕರ್ತವ್ಯ.

ಪತ್ರ ಉಳಿದರೂ ಭಾಷೆ ಉಳಿಯದ ಪ್ರಸಂಗಕ್ಕೆ ಮೊದಲ ಮಹಾಯುದ್ಧದ ಭಾರತೀಯ ಸೈನಿಕರ ಪತ್ರಗಳು ನಿದರ್ಶನ. 1914ರಲ್ಲಿ ಫ್ರಾನ್ಸಿಗೆ ಹೋದ ಭಾರತೀಯ ಪಡೆಗಳ ಟಪಾಲನ್ನು ಪರಿಶೀಲಿಸಲು ಬ್ರಿಟಿಷ್ ಸರಕಾರ ಒಂದು ಸೆನ್ಸಾರ್ ವಿಭಾಗವನ್ನು ತೆರೆಯಿತು. ಸೈನಿಕರ ಮನಃಸ್ಥಿತಿಯನ್ನು ಮೇಲಧಿಕಾರಿಗಳಿಗೆ ತಿಳಿಸಲು ಆ ವಿಭಾಗ ಪತ್ರಗಳಿಂದ ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸಿ ವರದಿಗಳನ್ನು ಸಿದ್ಧಪಡಿಸುತ್ತಿತ್ತು. ಈ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಡೇವಿಡ್ ಒಮಿಸ್ಸಿ ಅವುಗಳಿಂದ ಆಯ್ದ ಪತ್ರಗಳನ್ನು 1999ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಉರ್ದು, ಪಂಜಾಬಿ, ಹಿಂದಿ ಮೊದಲಾದ ಭಾಷೆಗಳ ಮೂಲಪತ್ರಗಳು ಬಹುಪಾಲು ಉಳಿದಿಲ್ಲ. ಸೆನ್ಸಾರಿನ ಕಣ್ಣು ತಪ್ಪಿಸಲು ಸೈನಿಕರು ಭಾರತೀಯ ಸೈನಿಕರನ್ನು ಕರಿಮೆಣಸೆಂದೂ ಬಿಳಿಯರನ್ನು ಕೆಂಪುಮೆಣಸೆಂದೂ ಸಾಂಕೇತಿಕವಾಗಿ ಬರೆದದ್ದು ಪ್ರಸಿದ್ಧವಾಗಿದೆ. ಆ ಸಂಕೇತವನ್ನು ಒಡೆದ ಅಧಿಕಾರಿಯ ಬರಹದಿಂದಲೇ ಇಂದು ಅದು ತಿಳಿದುಬರುತ್ತಿದೆ. ತನ್ನನ್ನು ಅನುಮಾನಿಸಿದವನ ಕಡತದಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಆಯ್ದ ತುಣುಕಾಗಿ ಸೈನಿಕನ ಮಾತು ಉಳಿದಿದೆ. ಈ ಸಾಮಗ್ರಿಯನ್ನು ಬಳಸುವವರು ಪತ್ರದ ಪಾಠವನ್ನಷ್ಟೇ ನೋಡದೆ ಆ ಪಾಠ ಬಂದ ದಾರಿಯನ್ನೂ ನೋಡಬೇಕಾಗುತ್ತದೆ.

4. ವಾರ್ತಾಬರಹ: ಓದಿದ ಮಾತಿನ ಪ್ರತಿ

ಡಬ್ಲ್ಯುಬಿಎಪಿ ದೂರದರ್ಶನ ಕೇಂದ್ರ ಫೋರ್ಟ್ ವರ್ತ್‌ನಲ್ಲಿ 1948ರ ಸೆಪ್ಟೆಂಬರ್ 29ರಂದು ಪ್ರಸಾರವನ್ನು ಆರಂಭಿಸಿತು. ಟೆಕ್ಸಾಸಿನ ಮೊದಲ ದೂರದರ್ಶನ ಕೇಂದ್ರವದು. 1974ರಲ್ಲಿ ಒಡೆತನ ಬದಲಾಗಿ ಅದಕ್ಕೆ ಕೆಎಕ್ಸ್‌ಎಎಸ್ ಎಂಬ ಹೆಸರು ಬಂದಿತು. ಈ ಕೇಂದ್ರದ ಆರಂಭಕಾಲದ ವಾರ್ತಾ ಕಾರ್ಯಕ್ರಮದಲ್ಲಿ ಚಿತ್ರಸುರುಳಿ ಓಡುತ್ತಿರುವಂತೆ ವಾರ್ತಾವಾಚಕನು ಪರದೆಯ ಹಿಂದಿನಿಂದ ಬರಹವನ್ನು ಓದುತ್ತಿದ್ದನು. ಚಿತ್ರಸುರುಳಿಗಳಲ್ಲಿ ಬಹಳಷ್ಟು ಧ್ವನಿರಹಿತವಾದವು. ಬರಹವಿಲ್ಲದಿದ್ದರೆ ಚಿತ್ರದಲ್ಲಿ ಮುರಿದುಬಿದ್ದ ಕಾರು, ಬತ್ತಿದ ಕೆರೆ, ಮೆರವಣಿಗೆ ಕಾಣುತ್ತವೆಯೇ ಹೊರತು ಅದು ಯಾವ ಊರು, ಯಾವ ದಿನ, ಯಾರ ಮೆರವಣಿಗೆ ಎಂಬುದು ತಿಳಿಯುವುದಿಲ್ಲ. ಚಿತ್ರವಿಲ್ಲದಿದ್ದರೆ ಬರಹದಲ್ಲಿನ 'ಇಲ್ಲಿ', 'ಇವರು' ಎಂಬ ಮಾತುಗಳಿಗೆ ಅರ್ಥವಿಲ್ಲ. ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯವು ಚಿತ್ರ ಮತ್ತು ಬರಹ ಎರಡನ್ನೂ ಪಡೆದು ಒಂದೇ ಸಂಗ್ರಹದಲ್ಲಿ ಇರಿಸಿರುವುದರಿಂದ ಒಂದು ಇನ್ನೊಂದಕ್ಕೆ ವ್ಯಾಖ್ಯಾನವಾಗಿದೆ.

ವಾರ್ತಾಬರಹವನ್ನು ಪತ್ರಿಕೆಯ ಸುದ್ದಿಯೊಡನೆ ಸಮೀಕರಿಸಬಾರದು. ಪತ್ರಿಕೆಯ ಸುದ್ದಿ ಕಣ್ಣಿಗೆ, ವಾರ್ತಾಬರಹ ಕಿವಿಗೆ. ವಾಕ್ಯ ಎಷ್ಟು ಉದ್ದವಿರಬೇಕು, ಹೆಸರು ಎಲ್ಲಿ ಬರಬೇಕು, ಎಲ್ಲಿ ಉಸಿರು ಎಳೆದುಕೊಳ್ಳಬೇಕು ಎಂಬುದನ್ನು ಓದುವವನ ನಾಲಗೆ ನಿರ್ಧರಿಸುತ್ತದೆ. ಬೆರಳಚ್ಚಿನ ಮೇಲೆ ಪೆನ್ನಿನಿಂದ ಹೊಡೆದುಹಾಕಿದ ಪದ, ಅಂಚಿನಲ್ಲಿ ಸೇರಿಸಿದ ಸಾಲು, ಕಾಲಾವಧಿಯ ಗುರುತು ಇವೆಲ್ಲ ಬಾನುಲಿಗೆ ಅಥವಾ ಪರದೆಗೆ ಹೋಗುವ ಮುನ್ನ ಸುದ್ದಿ ಹೇಗೆ ಬದಲಾಯಿತೆಂಬುದಕ್ಕೆ ಸಾಕ್ಷಿ. ಯಂತ್ರವು ಅಕ್ಷರಗಳನ್ನು ಗುರುತಿಸಿ ಕೊಡುವ ಪಠ್ಯದಲ್ಲಿ ಹೊಡೆದುಹಾಕಿದ ಪದವೂ ಉಳಿಸಿಕೊಂಡ ಪದವೂ ಒಂದೇ ಸಾಲಿನಲ್ಲಿ ಕಲಸಿಹೋಗುತ್ತವೆ. ತಿದ್ದುವ ಮೊದಲಿನ ಪಾಠ ಮತ್ತು ಓದಿದ ಪಾಠ ಎಂದು ಎರಡನ್ನು ಬೇರೆಯಾಗಿ ಗುರುತಿಸುವುದು ಇಲ್ಲಿನ ಸಂಪಾದನ ಸಮಸ್ಯೆ.

ಕನ್ನಡಕ್ಕೆ ಸಂಬಂಧಿಸಿ ಈ ವಿಷಯದಲ್ಲಿ ವಿಶೇಷ ಆಸಕ್ತಿಗೆ ಕಾರಣವಿದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದೊಡನೆ 'ಆಕಾಶವಾಣಿ' ಎಂಬ ಹೆಸರು ಬೆಳೆದುಬಂದಿತು. ಧಾರವಾಡ ಕೇಂದ್ರ 1950ರಲ್ಲಿ ಪ್ರಾರಂಭವಾಯಿತು. ದೆಹಲಿಯಿಂದ ಪ್ರಸಾರವಾಗುತ್ತಿದ್ದ ಭಾರತೀಯ ಭಾಷೆಗಳ ವಾರ್ತೆಗಳು ಮುಖ್ಯವಾಗಿ ಇಂಗ್ಲಿಷಿನ ಸಾಮಾನ್ಯ ಪ್ರತಿಯಿಂದ ಅನುವಾದಗೊಳ್ಳುತ್ತಿದ್ದವು. ಪ್ರಸಾರಕ್ಕೆ ಕೆಲವೇ ನಿಮಿಷಗಳಿರುವಾಗ ಹೊಸ ಇಂಗ್ಲಿಷ್ ಪದವೊಂದಕ್ಕೆ ಕನ್ನಡದಲ್ಲಿ ಪ್ರತಿಪದವನ್ನು ಹುಡುಕಬೇಕಾದ ಅನುವಾದಕನು ನಿಘಂಟುಕಾರನಿಗಿಂತ ಮೊದಲೇ ಪದವನ್ನು ಸೃಷ್ಟಿಸಿದವನು. ಆಡಳಿತ, ವಿಜ್ಞಾನ, ಕ್ರೀಡೆ, ಯುದ್ಧಗಳಿಗೆ ಸಂಬಂಧಿಸಿದ ಇಂದಿನ ಕನ್ನಡ ಪದಗಳಲ್ಲಿ ಯಾವುದು ಎಂದು ಮೊದಲು ಕೇಳಿಬಂದಿತು, ಯಾವುದು ಕೆಲವು ದಿನ ನಡೆದು ಬಿದ್ದುಹೋಯಿತು ಎಂಬುದನ್ನು ದಿನಾಂಕಸಹಿತ ತಿಳಿಸಬಲ್ಲ ಆಕರ ವಾರ್ತಾಬರಹವೇ. ಧ್ವನಿಸುರುಳಿಗಳನ್ನು ಅಳಿಸಿ ಮತ್ತೆ ಬಳಸುವ ಪದ್ಧತಿ ಪ್ರಸಾರ ಸಂಸ್ಥೆಗಳಲ್ಲಿ ಜಗತ್ತಿನಾದ್ಯಂತ ಇದ್ದುದರಿಂದ ಅನೇಕ ವೇಳೆ ಕಾಗದದ ಪ್ರತಿಯೊಂದೇ ಉಳಿದಿರುವ ಸಾಕ್ಷಿ. ನಿವೃತ್ತ ಅನುವಾದಕರ ಹಾಗೂ ವಾರ್ತಾವಾಚಕರ ಮನೆಯ ಅಟ್ಟದಲ್ಲಿ ಉಳಿದಿರಬಹುದಾದ ಹಾಳೆಗಳು ರದ್ದಿಗೆ ಹೋಗುವ ಮುನ್ನ ಸಂಗ್ರಹಗೊಂಡರೆ ಪದಚರಿತ್ರೆಯ ಅಧ್ಯಯನಕ್ಕೆ ಹೊಸ ಆಧಾರ ದೊರೆಯುತ್ತದೆ.

ಹಳೆಯ ಬರಹಗಳಲ್ಲಿ ಇಂದು ನಿಂದೆಯೆನಿಸುವ ಪದಗಳಿರುತ್ತವೆ. 1950ರ ದಶಕದ ಅಮೆರಿಕದ ವಾರ್ತೆಗಳಲ್ಲಿ ವರ್ಣಸೂಚಕ ಪದಗಳು ಬರುವಂತೆ, ಕನ್ನಡದ ಹಳೆಯ ಪತ್ರಗಳಲ್ಲಿ ಜಾತಿಸೂಚಕ ಪದಗಳು ಬರುತ್ತವೆ. ಮೂಲಪಾಠವನ್ನು ತಿದ್ದಿದರೆ ಅಂದಿನ ಸಮಾಜದ ಸಾಕ್ಷ್ಯವನ್ನೇ ತೊಳೆದಂತಾಗುತ್ತದೆ. ಸೂಚಿಯ ವಿವರಣೆಯಲ್ಲಿ ಅದೇ ಪದವನ್ನು ಬಳಸಿದರೆ ಅವಮಾನ ಮುಂದುವರಿದಂತಾಗುತ್ತದೆ. ಪಾಠ ಅಂದಿನದು, ವಿವರಣೆ ಇಂದಿನದು ಎಂಬ ವಿಭಜನೆಯೇ ಇಲ್ಲಿ ಸರಿಯಾದ ಮಾರ್ಗ.

5. ಯೋಧರ ನೆನಪು: ಸಾಕ್ಷ್ಯ ಮತ್ತು ವಚನ

ಕರ್ನಾಟಕದಲ್ಲಿ ಯುದ್ಧದ ನೆನಪಿಗೆ ಅತಿ ಪ್ರಾಚೀನವಾದ ಒಂದು ರೂಪವಿದೆ. ವೀರಗಲ್ಲು ಕಾದಿ ಸತ್ತವನನ್ನು ಕುರಿತದ್ದು, ನಿಲ್ಲಿಸಿದವರು ಬದುಕಿದವರು. ಬದುಕಿ ಮರಳಿದವನ ಮಾತನ್ನು ಹೇಳುವ ಕಲ್ಲುಗಳು ವಿರಳ. ಆಧುನಿಕ ಮೌಖಿಕ ಇತಿಹಾಸವು ತುಂಬುವುದು ಈ ಕೊರತೆಯನ್ನು.

ಅಮೆರಿಕದ ಸಂಸತ್ತು 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದ ಶಾಸನದ ಮೂಲಕ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಮಾಜಿ ಯೋಧರ ಇತಿಹಾಸ ಯೋಜನೆಯನ್ನು ಸ್ಥಾಪಿಸಿತು. ಅದರಲ್ಲಿ 1 ಲಕ್ಷಕ್ಕೂ ಹೆಚ್ಚು ವ್ಯಕ್ತಿಗಳ ಸಂಗ್ರಹಗಳಿವೆ. ಸಂದರ್ಶನ ಕನಿಷ್ಠ 30 ನಿಮಿಷಗಳಷ್ಟಿರಬೇಕು, ಅದನ್ನು ಕತ್ತರಿಸಿ ಜೋಡಿಸಿರಬಾರದು ಎಂಬುದು ಯೋಜನೆಯ ನಿಯಮ. ಸಂದರ್ಶಕರು ಬಹುಮಟ್ಟಿಗೆ ಸ್ವಯಂಸೇವಕರು, ವಿದ್ಯಾರ್ಥಿಗಳು, ಬಂಧುಗಳು. ಬ್ರಿಟನ್ನಿನ ಬಿಬಿಸಿ ಸಂಸ್ಥೆ 2003ರಿಂದ 2006ರವರೆಗೆ ಎರಡನೆಯ ಮಹಾಯುದ್ಧದ ನೆನಪುಗಳನ್ನು ಜನರಿಂದಲೇ ಬರೆಯಿಸಿ ಸಂಗ್ರಹಿಸಿದಾಗ 47,000 ಕಥನಗಳೂ 15,000 ಚಿತ್ರಗಳೂ ಸೇರಿದವು. ಸೈನಿಕರಷ್ಟೇ ಅಲ್ಲದೆ ಕಾರ್ಖಾನೆಯ ಹೆಂಗಸರು, ಹಳ್ಳಿಗೆ ಕಳುಹಿಸಲ್ಪಟ್ಟ ಮಕ್ಕಳು ಕೂಡ ಅಲ್ಲಿ ಮಾತನಾಡಿದ್ದಾರೆ.

ಹೋಲಿಕೆಗಾಗಿ ಇನ್ನೊಂದು ಸಂಗ್ರಹವನ್ನು ಗಮನಿಸಬಹುದು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯಲ್ಲಿ ಸೆರೆಯಾಗಿದ್ದ ಭಾರತೀಯ ಸೈನಿಕರ ಧ್ವನಿಯನ್ನು ಬರ್ಲಿನ್ ಬಳಿಯ ವೂನ್ಸ್‌ಡಾರ್ಫ್ ಶಿಬಿರದಲ್ಲಿ ವಿಲ್‌ಹೆಲ್ಮ್ ಡೋಗನ್ ಮೊದಲಾದವರು ಧ್ವನಿಮುದ್ರಿಸಿದರು. ಆ ಮುದ್ರಿಕೆಗಳು ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದ ಧ್ವನಿಪತ್ರಾಗಾರದಲ್ಲಿವೆ. ಅಲ್ಲಿನ ಉದ್ದೇಶ ಉಚ್ಚಾರಣೆಯ ಮಾದರಿಗಳ ಸಂಗ್ರಹ. ಸೆರೆಯಾಳಿನ ಅನುಭವ ಏನೆಂದು ಕೇಳುವುದು ಅವರ ಗುರಿಯಾಗಿರಲಿಲ್ಲ. ಆದರೂ ಕೆಲವರು ಊರಿನ ಹಂಬಲವನ್ನು ಆ ಕೆಲವೇ ನಿಮಿಷಗಳಲ್ಲಿ ಹೇಳಿಬಿಟ್ಟರು. ಭಾಷಾವಿಜ್ಞಾನಕ್ಕೆಂದು ಕೂಡಿಟ್ಟದ್ದು ನೂರು ವರ್ಷಗಳ ನಂತರ ನೆನಪಿನ ದಾಖಲೆಯಾಗಿ ಪರಿಣಮಿಸಿದೆ. ಕನ್ನಡ ಉಪಭಾಷೆಗಳ, ಜಾನಪದದ ಕ್ಷೇತ್ರಕಾರ್ಯದಲ್ಲಿ ದಶಕಗಳ ಹಿಂದೆ ತುಂಬಿಸಿದ ಧ್ವನಿಸುರುಳಿಗಳಲ್ಲಿಯೂ ಹಾಡಿನ ನಡುವೆ, ಕಥೆಯ ಕೊನೆಗೆ, ವಕ್ತೃ ತನ್ನ ಬದುಕನ್ನು ಕುರಿತು ಆಡಿದ ಮಾತುಗಳಿರಬಹುದು. ಹಾಡನ್ನಷ್ಟೇ ಆಯ್ದು ಉಳಿದುದನ್ನು ಕತ್ತರಿಸುವ ಅಭ್ಯಾಸವನ್ನು ಬಿಡಬೇಕು ಎಂಬುದಕ್ಕೆ ಇಷ್ಟೇ ಕಾರಣ ಸಾಕು.

ನೆನಪು ತಪ್ಪುತ್ತದೆ ಎಂಬ ಆಕ್ಷೇಪಣೆ ಸಹಜ. ಇಟಲಿಯ ವಿದ್ವಾಂಸ ಅಲೆಸಾಂಡ್ರೊ ಪೋರ್ಟೆಲಿ ಇದಕ್ಕೆ ಗಂಭೀರವಾದ ಉತ್ತರವನ್ನು ಕೊಟ್ಟಿದ್ದಾರೆ. ಟೆರ್ನಿ ಎಂಬ ಉಕ್ಕಿನ ಕಾರ್ಖಾನೆಯ ಊರಿನಲ್ಲಿ ಲುಯಿಜಿ ತ್ರಾಸ್ತುಲಿ ಎಂಬ ಕಾರ್ಮಿಕನು ಪೊಲೀಸರಿಂದ ಕೊಲ್ಲಲ್ಪಟ್ಟದ್ದು 1949ರಲ್ಲಿ, ನೇಟೊ ಒಕ್ಕೂಟವನ್ನು ವಿರೋಧಿಸಿ ನಡೆದ ಪ್ರದರ್ಶನದಲ್ಲಿ. ಊರಿನ ಹಲವರು ಅದನ್ನು 1953ರ ಸಾಮೂಹಿಕ ವಜಾ ವಿರೋಧಿ ಹೋರಾಟದ ಘಟನೆಯೆಂದು ನೆನೆದರು. ಈ ತಪ್ಪು ನೆನಪಿನ ದೌರ್ಬಲ್ಯವಲ್ಲ, ತಮ್ಮ ದೃಷ್ಟಿಯಲ್ಲಿ ಹೆಚ್ಚು ಅರ್ಥವುಳ್ಳ ಹೋರಾಟಕ್ಕೆ ಆ ಸಾವನ್ನು ಅವರು ಜೋಡಿಸಿಕೊಂಡರು ಎಂದು ಪೋರ್ಟೆಲಿ ವಿವೇಚಿಸಿದರು. ಹಾಗಾಗಿ ಲಿಪ್ಯಂತರಕಾರನು ತಪ್ಪು ಇಸವಿಯನ್ನು ಮೌನವಾಗಿ ತಿದ್ದಬಾರದು. ಪಾಠದಲ್ಲಿ ಹೇಳಿದ್ದನ್ನು ಹೇಳಿದಂತೆಯೇ ಉಳಿಸಿ ಟಿಪ್ಪಣಿಯಲ್ಲಿ ತಿದ್ದುಪಡಿ ಕೊಡಬೇಕು. ಗ್ರಂಥಸಂಪಾದನೆಯಲ್ಲಿ ಪಾಠಪರಿಷ್ಕರಣಕ್ಕೆ ಇರುವ ಸ್ವಾತಂತ್ರ್ಯ ಇಲ್ಲಿಲ್ಲ.

ಮತ್ತೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಹಳಗನ್ನಡ ಕಾವ್ಯದ ಕವಿ ಸಂಪಾದಕನನ್ನು ಪ್ರಶ್ನಿಸಲು ಬರುವುದಿಲ್ಲ, ನೆನಪನ್ನು ಹೇಳಿದವನು ಬದುಕಿದ್ದಾನೆ. ಅವನ ಮಾತಿನಲ್ಲಿ ಜೊತೆಗಾರರ ಹೆಸರಿದೆ, ತಪ್ಪೊಪ್ಪಿಗೆ ಇದೆ, ಮನೆಯವರಿಗೂ ಹೇಳದ ಸಂಗತಿಯಿದೆ. ಉತ್ತರ ಐರ್ಲೆಂಡಿನ ಸಶಸ್ತ್ರ ಸಂಘಟನೆಗಳ ಮಾಜಿ ಸದಸ್ಯರ ಸಂದರ್ಶನಗಳನ್ನು ಅಮೆರಿಕದ ಬಾಸ್ಟನ್ ಕಾಲೇಜು 2001ರಿಂದ 2006ರವರೆಗೆ ಸಂಗ್ರಹಿಸಿತು. ಹೇಳಿದವರು ಜೀವಂತವಿರುವವರೆಗೆ ಅವು ಹೊರಬರುವುದಿಲ್ಲವೆಂಬ ಭರವಸೆಯ ಮೇಲೆ ಜನ ಮಾತನಾಡಿದ್ದರು. 2011ರಲ್ಲಿ ಕೊಲೆ ಪ್ರಕರಣವೊಂದರ ತನಿಖೆಗಾಗಿ ನ್ಯಾಯಾಲಯದ ಮೂಲಕ ಧ್ವನಿಮುದ್ರಿಕೆಗಳನ್ನು ಕೇಳಲಾಯಿತು, ಕೆಲವನ್ನು ಒಪ್ಪಿಸಬೇಕಾಯಿತು. ಕಾನೂನಿನ ಬಲವಿಲ್ಲದ ವಚನವನ್ನು ಸಂಶೋಧಕನು ಕೊಡಬಾರದು ಎಂಬುದು ಇದರ ಪಾಠ.

ಭಾರತದಲ್ಲಿ ಪತ್ರದ ಕಾಗದ ಪಡೆದವರದಾದರೂ ಅದರ ಒಕ್ಕಣೆಯ ಹಕ್ಕು 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದವರಿಗೆ, ಅವರ ನಂತರ ವಾರಸುದಾರರಿಗೆ ಸೇರುತ್ತದೆ. ಸಾರ್ವಜನಿಕರಿಗೆ ಪ್ರವೇಶವಿರುವ ಸಂಸ್ಥೆಯಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗಾಗಿ ಪ್ರತಿ ಮಾಡಿಕೊಳ್ಳಲು ಕಾಯಿದೆಯಲ್ಲಿ ನಿರ್ದಿಷ್ಟ ಷರತ್ತುಗಳೊಡನೆ ಅವಕಾಶವಿದೆ. 2012ರ ತಿದ್ದುಪಡಿ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲಿ ಇರಿಸಿಕೊಳ್ಳಲು ಅನುವು ಮಾಡಿತು. ಕಾಪಿಡುವುದು ಬೇರೆ, ಎಲ್ಲರಿಗೂ ತೆರೆದಿಡುವುದು ಬೇರೆ. ಸಂದರ್ಶನದ ದಿನವೇ ಈಗ ತೆರೆಯಬಹುದೆ, ಇಂತಿಷ್ಟು ವರ್ಷಗಳ ನಂತರವೆ, ಸಂಸ್ಥೆಯ ಒಳಗೆ ಮಾತ್ರವೆ ಎಂಬ ಆಯ್ಕೆಗಳನ್ನು ಹೇಳುವವರ ಭಾಷೆಯಲ್ಲಿಯೇ ಓದಿ ಹೇಳಿ ಲಿಖಿತ ಒಪ್ಪಿಗೆ ಪಡೆಯುವುದು ಅಗತ್ಯ.

6. ಪ್ರತಿ, ಲಿಪಿಸಂಕೇತ ಮತ್ತು ಉಳಿವು

ಡಿಜಿಟಲ್ ಎಂದರೆ ಶಾಶ್ವತ ಎಂಬ ಭ್ರಮೆಯನ್ನು ಒಡೆದ ಪ್ರಸಂಗ ಬ್ರಿಟನ್ನಿನದು. 1086ರ ಡೂಮ್ಸ್‌ಡೇ ದಾಖಲೆಯ 900ನೆಯ ವರ್ಷದ ಅಂಗವಾಗಿ 1986ರಲ್ಲಿ ಬಿಬಿಸಿ ಜನಜೀವನದ ದಾಖಲೆಯೊಂದನ್ನು ಲೇಸರ್ ಡಿಸ್ಕ್‌ಗಳಲ್ಲಿ ಹೊರತಂದಿತು. ಶಾಲಾಮಕ್ಕಳನ್ನೂ ಒಳಗೊಂಡು ಸುಮಾರು 10 ಲಕ್ಷ ಜನ ಅದರಲ್ಲಿ ಭಾಗವಹಿಸಿದ್ದರು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕನ್ನು ಓದುವ ಯಂತ್ರಗಳೇ ಅಪರೂಪವಾದವು. ಚರ್ಮದ ಹಾಳೆಯ ಹಳೆಯ ದಾಖಲೆ ಓದಲು ಸಿಗುತ್ತಿರುವಾಗಲೇ ಹೊಸದನ್ನು ಉಳಿಸಲು ವಿಶೇಷ ಸಂಶೋಧನೆಯೇ ನಡೆಯಬೇಕಾಯಿತು. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ ಸೈಬರ್ ದಾಳಿಯಿಂದ ಅದರ ಮುಖ್ಯ ಸೂಚಿಯೇ 2024ರ ಜನವರಿಯವರೆಗೆ ದೊರೆಯದಾಯಿತು. ಒಂದೇ ಕಡೆ ಇರುವ ಪ್ರತಿ, ಕಾಗದದ್ದಾಗಲಿ ಡಿಜಿಟಲ್ ಆಗಲಿ, ಅಪಾಯದಲ್ಲಿರುವ ಪ್ರತಿಯೇ.

ಕನ್ನಡಕ್ಕೆ ಇದರ ಜೊತೆಗೆ ಲಿಪಿಸಂಕೇತದ ಸಮಸ್ಯೆಯೂ ಇದೆ. ಯೂನಿಕೋಡ್ ಮಾನಕದಲ್ಲಿ ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೇ ಇದ್ದರೂ 1990ರ ಮತ್ತು 2000ದ ದಶಕಗಳಲ್ಲಿ ಬೆರಳಚ್ಚಾದ ಬಹಳಷ್ಟು ಕನ್ನಡ ಪಠ್ಯ ನುಡಿ, ಬರಹ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳನ್ನು ಅವಲಂಬಿಸಿದೆ. ಆ ವಿನ್ಯಾಸವಿಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಪರಿವರ್ತಕಗಳಿಂದ ಯೂನಿಕೋಡಿಗೆ ತರಬಹುದಾದರೂ ಅರ್ಕಾವತ್ತು, ಒತ್ತಕ್ಷರಗಳಲ್ಲಿ ದೋಷ ನುಸುಳುವುದುಂಟು. ಯೂನಿಕೋಡಿನಲ್ಲಿಯೂ ಕಣ್ಣಿಗೆ ಒಂದೇ ಆಗಿ ಕಾಣುವ 'ಕೋ' ಅಕ್ಷರದ ಒಳಗಿನ ಸಂಕೇತಕ್ರಮ ಭಿನ್ನವಾಗಿರಬಹುದು. ಆಗ ಹುಡುಕಿದ ಪದ ಕಣ್ಣೆದುರಿಗಿದ್ದರೂ ಯಂತ್ರಕ್ಕೆ ಸಿಗುವುದಿಲ್ಲ. ಪರಿವರ್ತನೆಯ ನಂತರ ಮೂಲದೊಡನೆ ಹೋಲಿಸಿ ನೋಡುವ ಕೆಲಸವನ್ನು ಕನ್ನಡ ಬಲ್ಲವರೇ ಮಾಡಬೇಕು. ಮೂಲ ಕಡತವನ್ನೂ ಅಳಿಸದೆ ಇರಿಸಿಕೊಳ್ಳಬೇಕು.

ಸಣ್ಣ ವಿಭಾಗವೊಂದು ಅನುಸರಿಸಬಹುದಾದ ಕನಿಷ್ಠ ಕ್ರಮ ಹೀಗಿದೆ. ಪತ್ರ ಹಾಗೂ ವಾರ್ತಾಬರಹಗಳ ಎರಡೂ ಮಗ್ಗುಲುಗಳ, ಖಾಲಿ ಮಗ್ಗುಲೂ ಸೇರಿದಂತೆ, ಬಣ್ಣದ ಚಿತ್ರವನ್ನು ಅಂಗುಲಕ್ಕೆ 300ರಿಂದ 400 ಬಿಂದುಗಳ ಸಾಂದ್ರತೆಯಲ್ಲಿ ತೆಗೆಯುವುದು. ಟಿಫ್ ರೂಪದ ಮೂಲಕಡತವನ್ನು ಮುಟ್ಟದೆ ಇಟ್ಟು ಓದಲು ಹಗುರವಾದ ಪ್ರತಿಯನ್ನು ಬೇರೆ ಮಾಡುವುದು. ಧ್ವನಿಯನ್ನು ಸಂಕುಚಿಸದ ವೇವ್ ರೂಪದಲ್ಲಿ ಇರಿಸುವುದು. ಪ್ರತಿ ಕಡತದ ತಾಳೆಸಂಖ್ಯೆಯನ್ನು ಬರೆದಿಟ್ಟು ವರ್ಷಕ್ಕೊಮ್ಮೆ ಸರಿನೋಡುವುದು. ಕನಿಷ್ಠ ಮೂರು ಪ್ರತಿಗಳನ್ನು ಮಾಡಿ ಅವುಗಳಲ್ಲಿ ಒಂದನ್ನಾದರೂ ಬೇರೆ ಊರಿನಲ್ಲಿಡುವುದು. ಇದಕ್ಕಿಂತ ಮುಖ್ಯವಾದುದು, ದಾಖಲೆ ಯಾರಿಂದ ಯಾವ ಸ್ಥಿತಿಯಲ್ಲಿ ಬಂದಿತೆಂಬುದನ್ನು ಅದೇ ದಿನ ಬರೆದಿಡುವುದು.

7. ಉಪಸಂಹಾರ

ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ಶಾಸ್ತ್ರೀಯವಾಗಿ ರೂಪಿಸಿದ ಕನ್ನಡ ಗ್ರಂಥಸಂಪಾದನೆ ಪ್ರತಿಗಳ ಪರಂಪರೆಯನ್ನು ಗುರುತಿಸಲು, ಪಾಠವನ್ನು ಟಿಪ್ಪಣಿಯಿಂದ ಬೇರ್ಪಡಿಸಲು, ಲಿಪಿಕಾರನ ಕೈಯನ್ನು ಕಾಣಲು ಕಲಿಸಿದೆ. ದಿನಬಳಕೆಯ ದಾಖಲೆಗಳ ಡಿಜಿಟಲ್ ಸಂರಕ್ಷಣೆಗೆ ಬೇಕಾದುದು ಮುಖ್ಯವಾಗಿ ಈ ವಿದ್ಯೆಯೇ. ಹೊಸದಾಗಿ ಸೇರಬೇಕಾದವು ಎರಡು: ಪಾಠಾಂತರವಿಲ್ಲದ ಏಕೈಕ ಪ್ರತಿಯನ್ನು ಅದರ ಭೌತಿಕ ಕ್ರಮದೊಡನೆ ಕಾಪಾಡುವ ಎಚ್ಚರ, ಬದುಕಿರುವ ವಕ್ತೃವಿನ ಹಕ್ಕಿಗೆ ಮನ್ನಣೆ.

1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ದಳವೂ ಇತ್ತು. ಆ ಸವಾರರ ಸ್ಮಾರಕ ಬೆಂಗಳೂರಿನಲ್ಲಿದೆ, ಅವರ ನೆನಪನ್ನು ಅವರ ಬಾಯಿಂದಲೇ ಕೇಳುವ ಕಾಲ ಎಂದೋ ಮುಗಿದಿದೆ. ಎರಡನೆಯ ಮಹಾಯುದ್ಧದಲ್ಲಿ ಪಾಲ್ಗೊಂಡ ತಲೆಮಾರೂ ಬಹುಪಾಲು ಕಣ್ಮರೆಯಾಗಿದೆ. 1962, 1965 ಮತ್ತು 1971ರ ಯುದ್ಧಗಳಲ್ಲಿದ್ದವರು ವೃದ್ಧಾಪ್ಯದಲ್ಲಿದ್ದಾರೆ. ಅವರು ಮನೆಗೆ ಬರೆದ ಕಾಗದಗಳು ಇನ್ನೂ ಕೆಲವು ಮನೆಗಳಲ್ಲಿ ಇರಬಹುದು, ಅವರ ಹೋರಾಟವನ್ನು ಕನ್ನಡದಲ್ಲಿ ಓದಿದ ವಾರ್ತೆಗಳ ಹಾಳೆಗಳೂ ಇರಬಹುದು. ಈ ಮೂರನ್ನೂ ಒಟ್ಟಿಗೆ ಇರಿಸಿ ಓದುವ ಅವಕಾಶ ಒಂದು ತಲೆಮಾರಿಗೆ ಒಮ್ಮೆ ಮಾತ್ರ ದೊರೆಯುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಮುದ್ರಿತ ಕೃತಿಗಳಷ್ಟೇ ವಿಷಯವಾಗದೆ ಒಂದು ಮನೆಯ ಪತ್ರಗಳ ತಂತಿ, ಒಬ್ಬ ಮಾಜಿ ಸೈನಿಕನ ಮಾತು ವಿಷಯವಾದರೆ ಕನ್ನಡ ವಿಭಾಗಗಳು ಈ ಕಾರ್ಯವನ್ನು ಇದ್ದ ಬಲದಲ್ಲಿಯೇ ಆರಂಭಿಸಬಲ್ಲವು.